ಪುಸ್ತಕದ ಪಿಚ್ಚು

ಬೀದರಿನಲ್ಲಾಗಲಿ ಭಾಲ್ಕಿ, ಔರಾದಿನಲ್ಲಾಗಲಿ, ಕೊನೆಯ ಬೆಂಚಿನವರಿಗೆ ಬುಕ್ ಕ್ರಿಕೆಟ್ ಹೇಳಿಕೊಡಬೇಕಾಗಿಲ್ಲ. ಕಣ್ಣು ಮುಚ್ಚಿ ಪುಸ್ತಕ ತೆರೆಯುವುದು, ಎಡಪುಟದ ಸಂಖ್ಯೆಯ ಕೊನೆಯ ಅಂಕಿ ನೋಡುವುದು. ಎರಡು, ನಾಲ್ಕು, ಆರು ಬಂದರೆ ಅಷ್ಟೇ ರನ್, ಎಂಟಕ್ಕೆ ಒಂದು, ಸೊನ್ನೆಗೆ ಔಟ್. ಊರಿಗೊಂದು ಕಾನೂನು ಇದ್ದೀತು, ಆಟ ಒಂದೇ. ಇದನ್ನು ಮಾಸ್ತರರ ಕಣ್ಣು ತಪ್ಪಿಸುವ ಕಸರತ್ತು ಎಂದು ತಳ್ಳಿಹಾಕುವವರು ಒಮ್ಮೆ ಲೆಕ್ಕ ಹಾಕಲಿ. ಐದು ಸಲ ತೆರೆದರೆ ಒಮ್ಮೆ ಔಟ್, ಉಳಿದ ನಾಲ್ಕರಿಂದ ಹದಿಮೂರು ರನ್. ಸರಾಸರಿ ವಿಕೆಟ್ಟಿಗೆ 13, ಹತ್ತು ವಿಕೆಟ್ಟಿಗೆ 130. 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ ಮದ್ರಾಸ್ ಹೊಡೆದದ್ದೂ ಸರಿಯಾಗಿ 130! ನಮ್ಮ ಮೈಸೂರು 48 ಮತ್ತು 59ಕ್ಕೆ ಉರುಳಿ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಅವತ್ತು ಪುಸ್ತಕ ತೆರೆದು ಆಡಿದ್ದರೆ ಮೈಸೂರಿನ ಮಾನ ಇನ್ನಷ್ಟು ಉಳಿಯುತ್ತಿತ್ತೇನೋ.

ಬೇರೆ ಬೇರೆ ಕಾಲದ ತಂಡಗಳನ್ನು ಎಬ್ಬಿಸಿ ತಂದು ಎದುರುಬದುರು ನಿಲ್ಲಿಸುವ ಚಪಲ ಎಲ್ಲ ದೇಶದಲ್ಲೂ ಇದೆ. ಆದರೆ ಅದಕ್ಕೆ ಬರಿಯ ಪುಸ್ತಕ ಸಾಲದು. ಬಿ.ಎಸ್. ಚಂದ್ರಶೇಖರ್ ಟೆಸ್ಟಿನಲ್ಲಿ 242 ವಿಕೆಟ್ ತೆಗೆದು, ಬ್ಯಾಟಿನಿಂದ ಮಾಡಿದ್ದು 167 ರನ್ ಮಾತ್ರ. ಪುಸ್ತಕದ ಕಣ್ಣಿಗೆ ಅವರೂ ಒಂದೇ, ಬ್ಯಾಟಿಂಗಿಗೇ ಹೆಸರಾದ ಜಿ.ಆರ್. ವಿಶ್ವನಾಥ್ ಅವರೂ ಒಂದೇ: ಇಬ್ಬರಿಗೂ ಹದಿಮೂರು ಹದಿಮೂರು. ಈ ಅನ್ಯಾಯಕ್ಕೆ ಅಮೆರಿಕದ ಹಾಲ್ ರಿಚ್‌ಮನ್ ಬೇಸ್‌ಬಾಲಿನಲ್ಲಿ ಮದ್ದು ಕಂಡುಕೊಂಡರು. 1961ರಲ್ಲಿ ಅವರು ತಂದ ಸ್ಟ್ರಾಟ್-ಒ-ಮ್ಯಾಟಿಕ್ ಆಟದಲ್ಲಿ ಒಬ್ಬೊಬ್ಬ ಆಟಗಾರನಿಗೂ ಅವನ ನಿಜವಾದ ಅಂಕಿಅಂಶ ನೋಡಿ ಮಾಡಿದ ಒಂದೊಂದು ಕಾರ್ಡು. ದಾಳ ಉರುಳಿಸಿ ಕಾರ್ಡು ನೋಡಿದರೆ ಆಯಿತು. ಅಂದರೆ ವಿಶಿಗೆ ಒಂದು ಪುಸ್ತಕ, ಚಂದ್ರಾಗೆ ಬೇರೊಂದು. ಇಲ್ಲಿಗೆ ಸಮಸ್ಯೆ ಬಗೆಹರಿಯಿತು ಎನ್ನುವವರ ಜೊತೆ ನನ್ನ ತಕರಾರು ಇದೆ. ಕಾರ್ಡು ಆಟಗಾರನನ್ನು ಅಳೆಯುತ್ತದೆ, ಸರಿ. ಅವನು ನಿಂತ ನೆಲವನ್ನು ಅಳೆಯುವವರು ಯಾರು? ಕಾಲಕಾಲದ ನಡುವೆ ನಾವು ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ನೆಲದ್ದು ಎಂದು ನನ್ನ ವಾದ.

ಬೀದರ್ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗಬೇಕು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕೋಟೆಯ ಮೂರು ಸಾಲಿನ ಕಂದಕ ಕಡಿದದ್ದು ಆ ಕಲ್ಲಿನಲ್ಲೇ. ದಿಬ್ಬ ಇಳಿದು ಭಾಲ್ಕಿ, ಔರಾದಿನ ಕಡೆ ಹೊರಟರೆ ಮಣ್ಣಿನ ಬಣ್ಣವೇ ಬೇರೆ: ತೊಗರಿ, ಜೋಳ ಬೆಳೆಯುವ ಎರೆ ಹೊಲ. ಮಳೆಯಲ್ಲಿ ಮೆಟ್ಟು ಕಿತ್ತುಕೊಳ್ಳುವ ಈ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಪಿಚ್ ಮಾಡುವವರಿಗೂ ಈ ಭೇದ ಗೊತ್ತು. ಕೆಂಪು ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಪಿಚ್ ಬೇಗ ಒಡೆಯುತ್ತದೆ. ಕಪ್ಪು ಮಣ್ಣಿನಲ್ಲಿ ಚೆಂಡು ತಡವಾಗಿ, ತಗ್ಗಿ ಬರುತ್ತದೆ. ಈಗ 1973-74ರ ಕರ್ನಾಟಕವನ್ನು 2014-15ರ ಕರ್ನಾಟಕದೆದುರು ಆಡಿಸಿ. ಮೊದಲನೆಯದು ಪ್ರಸನ್ನ, ಚಂದ್ರಶೇಖರರ ಸ್ಪಿನ್ ನಂಬಿದ ತಂಡ. ಎರಡನೆಯದು ವಿನಯ್ ಕುಮಾರ್, ಮಿಥುನ್, ಅರವಿಂದರ ವೇಗ ನಂಬಿದ ತಂಡ. ಆ ವರ್ಷದ ರಣಜಿ ಫೈನಲಿನಲ್ಲಿ ಅದು ವಾಂಖೆಡೆಯ ಕೆಂಪು ಮಣ್ಣಿನ ಮೇಲೆ ತಮಿಳುನಾಡನ್ನು 134ಕ್ಕೆ ಮುಗಿಸಿ, ಕರುಣ್ ನಾಯರ್ 328 ಹೊಡೆದು, 762 ಪೇರಿಸಿತು. ಬೀದರಿನ ಕೆಂಪಿನಲ್ಲಿ ಆಡಿಸಿದರೆ ನಾನು ವಿನಯ್ ಕಡೆ. ಔರಾದಿನ ಎರೆಯಲ್ಲಾದರೆ, ಎರಡನೆಯ ದಿನದ ಊಟದ ಹೊತ್ತಿಗೆ ಪ್ರಸನ್ನರ ಕಡೆ.

762 ಎಲ್ಲಿ, ಹಳಬರ ಮೊತ್ತಗಳೆಲ್ಲಿ ಎಂದು ಕೇಳುವವರಿದ್ದಾರೆ. ಅಂಕಿಯನ್ನು ಹಾಗೇ ತುಂಬಿದರೆ ಯಾವಾಗಲೂ ಇತ್ತೀಚಿನವರೇ ಗೆಲ್ಲುತ್ತಾರೆ. ತಂಡವನ್ನು ಅದರ ಕಾಲದ ಎದುರಾಳಿಯಿಂದ ತೂಗಬೇಕು. 1973-74ರಲ್ಲಿ ಪ್ರಸನ್ನರ ತಂಡ ಸೆಮಿಫೈನಲಿನಲ್ಲಿ ಹೊರಗೆ ಹಾಕಿದ್ದು ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು. ಆ ತೂಕದ ಕಲ್ಲು ಮುಂದೆ ಯಾರಿಗೂ ಸಿಗಲಿಲ್ಲ. ಇಂದಿನವರ ಮೈಕಟ್ಟು, ಬ್ಯಾಟು ಬೇರೆ ಎಂಬುದೂ ನಿಜ. ಹಳಬರನ್ನು ಇಂದಿಗೆ ಕರೆತರುವುದಾದರೆ ಇಂದಿನ ಬ್ಯಾಟನ್ನೂ ಕೊಡೋಣ, ಅಷ್ಟೇ. ಕಂಪ್ಯೂಟರ್ ಪಕ್ಷಪಾತ ಮಾಡುವುದಿಲ್ಲ ಎಂಬ ಮಾತಿಗೆ ಮಾತ್ರ ನನಗೆ ನಗು ಬರುತ್ತದೆ. 1969ರಲ್ಲಿ ಬೇರೆ ಬೇರೆ ಕಾಲದ ಬಾಕ್ಸರುಗಳಾದ ರಾಕಿ ಮಾರ್ಸಿಯಾನೊ, ಮೊಹಮ್ಮದ್ ಅಲಿ ಇಬ್ಬರಿಗೂ ಸುಳ್ಳು ಗುದ್ದಾಟ ಮಾಡಿಸಿ, ಹಲವು ಮುಕ್ತಾಯಗಳನ್ನು ಚಿತ್ರಿಸಿಟ್ಟುಕೊಂಡು, ಮರುವರ್ಷ ಕಂಪ್ಯೂಟರಿನ ತೀರ್ಪು ಎಂದು ತೆರೆಗೆ ತಂದರು. ಹದಿಮೂರನೆಯ ಸುತ್ತಿನಲ್ಲಿ ಅಲಿ ಬಿದ್ದರು. ಯಂತ್ರಕ್ಕೆ ಉಣಿಸಿದವರು ಮನುಷ್ಯರೇ ತಾನೆ.

ಮೇಲೆ ‘ನಮ್ಮ ಮೈಸೂರು’ ಎಂದೆ. ಬೀದರಿನಲ್ಲಿ ನಿಂತು ಹಾಗೆನ್ನುವುದು ಅಷ್ಟು ಸಲೀಸಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಇಂದಿಗೂ ಬೆಂಗಳೂರಿನ ದಾರಿ ಸುಮಾರು 700 ಕಿಲೋಮೀಟರ್, ಹೈದರಾಬಾದಿನದು 140. ಹಾಗಾಗಿ ಇಲ್ಲಿ ನಡೆಸುವ ಈ ಕಲ್ಪನೆಯ ಟೂರ್ನಿಗೆ 1937-38ರ ಹೈದರಾಬಾದನ್ನು ಕರೆಯದಿದ್ದರೆ ಅನ್ಯಾಯ. ಆ ವರ್ಷದ ಫೈನಲಿನಲ್ಲಿ 310 ರನ್ ಬೆನ್ನತ್ತಿ, ಎದುಲ್ಜಿ ಐಬಾರಾ ಔಟಾಗದೆ 137 ಹೊಡೆದು, ನವಾನಗರದ ಮೇಲೆ ಒಂದೇ ವಿಕೆಟ್ಟಿನಿಂದ ಗೆದ್ದ ತಂಡ ಅದು. ಪುಸ್ತಕದಲ್ಲೇ ಆಡಿಸುವುದಾದರೆ ಯಾವ ಪುಸ್ತಕ ಎಂಬುದನ್ನು ಟಾಸಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿರುವ ಜಿಲ್ಲೆ ಇದು. ಕನ್ನಡ, ಮರಾಠಿ ಪುಸ್ತಕಗಳಲ್ಲಿ ಸಮಸಂಖ್ಯೆ ಎಡಪುಟದಲ್ಲಿರುತ್ತದೆ. ಉರ್ದು ಪುಸ್ತಕ ಬಲದಿಂದ ತೆರೆದುಕೊಳ್ಳುವುದರಿಂದ ಅಲ್ಲಿ ಎಡಕ್ಕೆ ಬರುವುದೆಲ್ಲ ಬೆಸಸಂಖ್ಯೆ. ರೂಢಿಯಂತೆ ಎಡಪುಟವನ್ನೇ ನೋಡುತ್ತ ಕೂತರೆ ಒಂದು, ಮೂರು, ಐದು, ಏಳು, ಒಂಬತ್ತು ಬರುತ್ತಲೇ ಇರುತ್ತವೆ, ಸೊನ್ನೆ ಬರುವುದೇ ಇಲ್ಲ. ಸಂಜೆಯ ಗಂಟೆ ಹೊಡೆದರೂ ಐಬಾರಾ ಇನ್ನೂ ಆಡುತ್ತಿರುತ್ತಾರೆ.