ಅಂಗವೈಕಲ್ಯ ಅಲ್ಲ ಅಂದವನು ನಾನೇ

ಮಾತು ಕಲಿತಾಗಿನಿಂದಲೂ ನಾನು ಉಗ್ಗುತ್ತೇನೆ. ನಂಜನಗೂಡು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನನ್ನ ಜೊತೆ ವರ್ಷಗಟ್ಟಲೆ ದುಡಿದ ಬಹಳ ಮಂದಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದರಲ್ಲೇ ನನ್ನ ಅರ್ಧ ಶಕ್ತಿ ಹೋಗುತ್ತಿತ್ತು. ಯಾವ ಪದಕ್ಕೆ ನಾಲಿಗೆ ಕಚ್ಚಿಕೊಳ್ಳುತ್ತದೆ ಎಂಬುದು ಉಗ್ಗುವವನಿಗೆ ಮೊದಲೇ ತಿಳಿಯುತ್ತದೆ. ಅಷ್ಟರೊಳಗೆ ಬೇರೆ ಪದ ಹುಡುಕಿಕೊಳ್ಳಬೇಕು. ನನಗೆ ಆಗದ ಅಕ್ಷರ ‘ನ’. ಊರು ನರಸೀಪುರ. ಮೈಸೂರಿನಲ್ಲಿ ಓದುವಾಗ ಕಂಡಕ್ಟರ್ ಮುಂದೆ ಊರ ಹೆಸರು ಹೊರಡದೆ ‘ಕೊಳ್ಳೇಗಾಲ’ ಅಂದು, ಹೆಚ್ಚಿನ ದುಡ್ಡು ತೆತ್ತು, ನರಸೀಪುರದಲ್ಲೇ ಇಳಿದುಬಿಡುತ್ತಿದ್ದೆ. ಕೊಟ್ಟ ಬಸ್ ಚಾರ್ಜು ಯಾಕೆ ಸಾಲುತ್ತಿಲ್ಲ ಎಂದು ಅಪ್ಪ ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದೆ.

ಹೀಗೆ ಬಚ್ಚಿಟ್ಟುಕೊಂಡೇ ಶಿಫ್ಟ್ ಇನ್‌ಚಾರ್ಜ್ ಆದೆ. ಒಮ್ಮೆ ಆಪರೇಟರ್ ಹುದ್ದೆಗಳ ಸಂದರ್ಶನಕ್ಕೆ ನನ್ನನ್ನೂ ಕೂರಿಸಿದರು. ಒಬ್ಬ ಹುಡುಗ ಬಂದ. ಹುಲ್ಲಹಳ್ಳಿ ಕಡೆಯವನು, ಐಟಿಐ ಫಿಟ್ಟರ್, ಒಳ್ಳೆಯ ಅಂಕಗಳಿದ್ದವು. ಹೆಸರು ಕೇಳಿದೆವು. ಕಣ್ಣು ಮುಚ್ಚಿಕೊಂಡಿತು, ದವಡೆ ಬಿಗಿಯಿತು, ಹೆಬ್ಬೆರಳು ತೊಡೆಗೆ ಬಡಿಯತೊಡಗಿತು. ಸ್ವಂತ ಹೆಸರು ನಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟ, ಅದನ್ನು ಬದಲಿಸಿ ಹೇಳುವ ಹಾಗಿಲ್ಲವಲ್ಲ. ‘ಟೆನ್ಷನ್ ಮಾಡ್ಕೋಬೇಡಪ್ಪ, ನೀರು ಕುಡಿ’ ಅಂದರು ಎಚ್.ಆರ್.ನವರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದು ಟೆನ್ಷನ್ ಅಲ್ಲ ಎಂಬುದು ಆ ಕೋಣೆಯಲ್ಲಿ ಅವನಿಗೂ ನನಗೂ ಮಾತ್ರ ಗೊತ್ತಿತ್ತು. ‘ಸಾರ್, ಬ… ಬರ್ದು ತೋರಿಸ್ಲಾ?’ ಅಂದ. ಬೇರಿಂಗ್ ಕಳಚುವ ಬಗ್ಗೆ ನಾನು ಕೇಳಿದ್ದ ಪ್ರಶ್ನೆಗೆ ಹಾಳೆಯ ಮೇಲೆ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಸರಿಯಾಗಿ ಉತ್ತರ ಕೊಟ್ಟ.

ಅವನು ಹೊರಗೆ ಹೋದ ಮೇಲೆ ಎಚ್.ಆರ್.ನವರು ಕೇಳಿದರು, ‘ಇದಕ್ಕೆ ಅಂಗವಿಕಲ ಸರ್ಟಿಫಿಕೇಟ್ ಇರುತ್ತಾ? ಇದ್ರೆ ಏನಾದ್ರೂ ನೋಡ್ಬಹುದು.’ ನಾನು ಹೇಳಿದೆ: ‘ಉಗ್ಗು ಅಂಗವೈಕಲ್ಯ ಅಲ್ಲ ಸಾರ್, ಅಭ್ಯಾಸ ಅಷ್ಟೆ. ಆದ್ರೆ ಫ್ಲೋರ್‌ನಲ್ಲಿ ಕಷ್ಟ. ಮೆಷಿನ್ ಹತ್ರ ಏನಾದ್ರೂ ಆದ್ರೆ ಕೂಗಿ ಹೇಳಕ್ಕಾಗಲ್ಲ.’ ಅವನ ಅರ್ಜಿ ಬೇರೆ ಕಟ್ಟಿಗೆ ಹೋಯಿತು.

ನಮ್ಮ ಫ್ಲೋರ್‌ನಲ್ಲಿ ಯಾರ ಕೂಗೂ ಯಾರಿಗೂ ಕೇಳುವುದಿಲ್ಲ. ಎಲ್ಲರ ಕಿವಿಯಲ್ಲೂ ಇಯರ್‌ಪ್ಲಗ್ ಇರುತ್ತದೆ. ಕೈಸನ್ನೆಯಲ್ಲೇ ಕೆಲಸ ನಡೆಯುತ್ತದೆ, ಅಪಾಯ ಬಂದರೆ ಕೆಂಪು ಗುಂಡಿ ಒತ್ತುತ್ತೇವೆ. ಅಲ್ಲಿ ವರ್ಷಗಟ್ಟಲೆ ಉಗ್ಗಿಕೊಂಡೇ ಕೆಲಸ ಮಾಡಿದವನು ನಾನು. ಅವನು ಪಕ್ಕದಲ್ಲಿದ್ದರೆ ಜನ ನನ್ನ ಮಾತನ್ನೂ ಗಮನಿಸಿಯಾರು ಎಂಬ ಹೆದರಿಕೆ ನನ್ನಿಂದ ಆ ಮಾತು ಆಡಿಸಿತು. ಒಂದೇ ಉಸಿರಿನಲ್ಲಿ ಎರಡು ನಾಲಿಗೆ: ಅನುಕೂಲ ಕೊಡುವ ಮಾತು ಬಂದಾಗ ಉಗ್ಗು ವೈಕಲ್ಯ ಅಲ್ಲ, ಕೆಲಸ ಕೊಡುವ ಮಾತು ಬಂದಾಗ ವೈಕಲ್ಯ.

ಇದೇ ಎರಡು ನಾಲಿಗೆ ನನ್ನ ಮಗನ ಶಾಲೆಯಲ್ಲಿ ನನಗೆ ಎದುರಾಯಿತು. ಅವನೂ ಉಗ್ಗುತ್ತಾನೆ. ಪಾಠ ಗಟ್ಟಿಯಾಗಿ ಓದಲಿಲ್ಲವೆಂದು ಅಂಕ ಕಳೆದಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಅಂಕ ಶಾಲೆಯ ಕೈಯಲ್ಲೇ ಇರುತ್ತವೆ. ಹೈಸ್ಕೂಲಿನ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ‘ನಾಡಗೀತೆ ಹಾಡುವಾಗ ಒಂದ್ಸಲಾನೂ ಉಗ್ಗಲ್ಲ, ಓದು ಅಂದ್ರೆ ಮಾತ್ರ ಶುರು ಮಾಡ್ತಾನೆ. ನಾಟಕ ಸಾರ್. ಇಲ್ಲಾಂದ್ರೆ ಸರ್ಟಿಫಿಕೇಟ್ ತನ್ನಿ’ ಅಂದರು ಅವನ ಮೇಷ್ಟ್ರು. ಬಾಯಿ ತೆರೆದೆ. ಉತ್ತರ ‘ನ’ದಿಂದ ಶುರುವಾಗಬೇಕಿತ್ತು, ಆಗಲಿಲ್ಲ.

ಮಗನನ್ನು ಮಾನಸಗಂಗೋತ್ರಿಯ ಆಯಿಷ್‌ಗೆ ಕರೆದುಕೊಂಡು ಹೋದೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ನಾನು ಓದುವಾಗಲೂ ಅಲ್ಲೇ ಇತ್ತು, ಒಳಗೆ ಕಾಲಿಟ್ಟಿರಲಿಲ್ಲ. ನನ್ನ ಪಾಲಿಗೆ ಬಂದದ್ದು ನಾಲಿಗೆಗೆ ತಿಕ್ಕಿದ ಬಜೆ ಬೇರು, ನಂಜುಂಡೇಶ್ವರನಿಗೆ ಅಮ್ಮ ಹೊತ್ತ ಹರಕೆ. ಹುಲ್ಲಹಳ್ಳಿಯಲ್ಲೇ ಆಯಿಷ್‌ನ ಸೇವಾ ಕೇಂದ್ರವಿದೆ ಎಂದು ಅಲ್ಲಿ ತಿಳಿದಾಗ ಆ ಹುಡುಗನ ಹೆಬ್ಬೆರಳು ಕಣ್ಣ ಮುಂದೆ ಬಂತು.

ಚಿಕ್ಕ ಮಕ್ಕಳಲ್ಲಿ ನೂರಕ್ಕೆ ಐದು ಮಂದಿಯಾದರೂ ಕೆಲ ಕಾಲ ಉಗ್ಗುತ್ತಾರೆ, ಹೆಚ್ಚಿನವರಲ್ಲಿ ಅದು ತಾನೇ ಹೋಗುತ್ತದೆ, ದೊಡ್ಡವರಲ್ಲಿ ಸುಮಾರು ನೂರಕ್ಕೊಬ್ಬರಲ್ಲಿ ಉಳಿಯುತ್ತದೆ. ಮನೆತನದಲ್ಲಿ ಹರಿದು ಬರುವುದುಂಟು. ಮಾತನ್ನು ಹೊಂದಿಸುವ ಮಿದುಳಿನ ಕೆಲಸದಲ್ಲೇ ವ್ಯತ್ಯಾಸ ಇರುತ್ತದೆ. ಹೆದರಿಕೆ ಅದನ್ನು ಹೆಚ್ಚಿಸಬಹುದು, ಹುಟ್ಟಿಸುವುದಿಲ್ಲ. ಹಾಡುವಾಗ, ಹತ್ತು ಜನರ ಜೊತೆ ದನಿಗೂಡಿಸಿ ಓದುವಾಗ ಉಗ್ಗು ಬಹುಪಾಲು ಮಾಯವಾಗುವುದು ಜಗತ್ತಿನ ಎಲ್ಲ ಕಡೆಯೂ ಕಂಡ ಸಂಗತಿ. ಮೇಷ್ಟ್ರು ನಾಟಕ ಅಂದದ್ದು ಉಗ್ಗಿನ ಲಕ್ಷಣವನ್ನೇ.

ಸರ್ಟಿಫಿಕೇಟಿನ ದಾರಿ ಮಾತ್ರ ಸುಲಭವಿಲ್ಲ. 1995ರ ಕಾಯ್ದೆಯ ಏಳು ವೈಕಲ್ಯಗಳಲ್ಲಿ ಮಾತಿನ ತೊಂದರೆಗೆ ಜಾಗವೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ವಾಕ್ ಮತ್ತು ಭಾಷಾ ವೈಕಲ್ಯವನ್ನು ಸೇರಿಸಿತು. ಆದರೆ ಅದು ಕೊಡುವ ಉದಾಹರಣೆಗಳು ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿಗೆ ಪೆಟ್ಟಾಗಿ ಭಾಷೆ ಕಳೆದುಕೊಂಡವರು. ಉಗ್ಗಿನ ಹೆಸರಿಲ್ಲ. ಮೀಸಲಾತಿಗೆ ಶೇ 40ರಷ್ಟು ವೈಕಲ್ಯ ಇರಬೇಕು. ಉಗ್ಗಾದರೋ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಸರ್ಕಾರಿ ಹುದ್ದೆಗಳ ಶೇ 4ರ ಮೀಸಲಿನ ಗುಂಪುಗಳಲ್ಲಂತೂ ಮಾತಿನ ವೈಕಲ್ಯದ ಪ್ರಸ್ತಾಪವೇ ಇಲ್ಲ.

ಹಾಗಂತ ಕಾಯ್ದೆ ಅಲ್ಲಿಗೆ ನಿಲ್ಲುವುದಿಲ್ಲ. ದೀರ್ಘಕಾಲದ ಕುಂದೊಂದು ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಬದುಕಿಗೆ ಅಡ್ಡವಾದರೆ ಅಂಥವರು ವಿಕಲಚೇತನರು ಎಂದೇ ಅದರ ಮೂಲ ವ್ಯಾಖ್ಯೆ ಹೇಳುತ್ತದೆ; ಅಲ್ಲಿ ಶೇಕಡಾ ಲೆಕ್ಕವಿಲ್ಲ. ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಿ ಎಂದು 16ನೇ ಕಲಮು ಮಾನ್ಯತೆ ಪಡೆದ ಶಾಲೆಗಳಿಗೆ ಹೇಳುತ್ತದೆ. ಸಮಾನ ಅವಕಾಶದ ನೀತಿ ಪ್ರಕಟಿಸಿ ಎಂದು 21ನೇ ಕಲಮು ಖಾಸಗಿ ಕಾರ್ಖಾನೆಗೂ ಹೇಳುತ್ತದೆ. ನನ್ನ ಓದಿನಲ್ಲಿ ಉಗ್ಗು ಈ ವ್ಯಾಖ್ಯೆಯೊಳಗೆ ಬರುತ್ತದೆ. ಬರುವುದಿಲ್ಲ ಅನ್ನುವವರು, ಅಂಕ ಕಳೆಯುವಾಗ ಮತ್ತು ಅರ್ಜಿ ತೆಗೆದಿಡುವಾಗ ಅದೇ ಉಗ್ಗನ್ನು ಯಾವ ಲೆಕ್ಕಕ್ಕೆ ಹಿಡಿದರು ಎಂದು ಹೇಳಬೇಕು.

ಶಾಲೆಗೆ ಆಯಿಷ್‌ನ ಚೀಟಿ ಹಿಡಿದು ಮತ್ತೆ ಹೋದೆ. ನಾನು ಕೇಳಿದ್ದು ಇಷ್ಟೇ: ಮೇಷ್ಟ್ರೊಬ್ಬರ ಮುಂದೆಯೋ ಫೋನಿನಲ್ಲಿ ಧ್ವನಿಮುದ್ರಿಸಿಯೋ ಓದಲಿ, ಎಷ್ಟು ಹೊತ್ತಾದರೂ ವಾಕ್ಯ ಅವನೇ ಮುಗಿಸಲಿ, ನಡುವೆ ಪದ ಹೇಳಿಕೊಡಬೇಡಿ. ಒಪ್ಪಿದರು. ಖರ್ಚೇನೂ ಆಗಲಿಲ್ಲ. ಮಗ ಈಗಲೂ ಉಗ್ಗುತ್ತಾನೆ, ತರಗತಿಯಲ್ಲಿ ಕೈ ಎತ್ತುತ್ತಾನೆ.

ಆ ಹುಡುಗನಿಗೆ ಇದರಿಂದ ಏನೂ ಸಿಗಲಿಲ್ಲ. ಅವನ ಅರ್ಜಿ ಹುಡುಕಿಸಿದೆ, ಹಳೆಯ ಕಟ್ಟುಗಳನ್ನೆಲ್ಲ ವಿಲೇವಾರಿ ಮಾಡಿದ್ದರು. ನಮ್ಮ ಸಂದರ್ಶನದ ಫಾರಂನಲ್ಲಿ ಆಪರೇಟರ್ ಹುದ್ದೆಗೂ ‘ಕಮ್ಯುನಿಕೇಷನ್ ಸ್ಕಿಲ್’ ಎಂಬ ಕಲಂ ಇದೆ, ಅದಕ್ಕೆ ಅಂಕವೂ ಇದೆ. ಅದನ್ನು ತೆಗೆದು, ಮೆಷಿನ್ ಮುಂದೆ ನಿಲ್ಲಿಸಿ ಕೆಲಸ ಮಾಡಿಸಿ ನೋಡಿ ಎಂದು ಮ್ಯಾನೇಜ್‌ಮೆಂಟಿಗೆ ಪತ್ರ ಕೊಟ್ಟಿದ್ದೇನೆ. ನಾನೂ ಉಗ್ಗುತ್ತೇನೆ ಎಂಬುದನ್ನು, ಅಂದು ಅವನ ಬಗ್ಗೆ ಹೇಳಿದ್ದು ಸುಳ್ಳು ಎಂಬುದನ್ನು ಅದರಲ್ಲೇ ಬರೆದಿದ್ದೇನೆ. ಮುಂದಿನ ನೇಮಕಾತಿಯ ಹೊತ್ತಿಗೆ ನೋಡೋಣ ಅಂದಿದ್ದಾರೆ.