ತೂಕದ ಕಾಲಂ

2021ರ ಮೇ ತಿಂಗಳು. ಬೆಳಗಾವಿಯ ಟಿಳಕವಾಡಿ ರೂಮಿಗೆ ಬೀಗ ಹಾಕಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಖಾನಾಪುರದ ಮನೆ ಸೇರಿದ್ದೆ. ಮೇ 10ಕ್ಕೆ ನಮ್ಮಲ್ಲಿ ಲಾಕ್‌ಡೌನ್ ಬಿಗಿಯಾಯ್ತು. ಅದೇ ದಿನ ಚೋರ್ಲಾ ಘಾಟಿನ ಆಚೆ, 18 ದಾಟಿದವರಿಗೆಲ್ಲ ಐವರ್ಮೆಕ್ಟಿನ್ ಕೊಡ್ತೀವಿ, ದಿನಕ್ಕೆ 12 ಮಿಲಿಗ್ರಾಂ, ಐದು ದಿನ ಅಂತ ಗೋವಾ ಸರಕಾರ ಹೇಳಿತು.

ಗೋವಾದಲ್ಲಿದ್ದ ಮಾವನ ಮಗ ಸುಮ್ಮನಿರ್ತಾನಾ? ತರಕಾರಿ ಇಳಿಸಿ ವಾಪಸ್ ಬರೋ ಗಾಡಿಯಲ್ಲಿ ಎರಡು ಸ್ಟ್ರಿಪ್ ಕಳಿಸಿದ. 20 ಗುಳಿಗಿ. ಅಪ್ಪ, ಅವ್ವ, ಕಾಕಾ, ನಾನು. ನಾಕು ಮಂದಿಗೆ ಐದು ದಿನ, ಲೆಕ್ಕ ಸರಿಯಾಯ್ತು. ನಾನು ಎಕ್ಸೆಲ್ ಶೀಟ್ ಮಾಡಿದೆ: ಹೆಸರು, ತಾರೀಖು, ತಗೊಂಡ್ರೆ ಹಸಿರು ಬಣ್ಣ. ಆಫೀಸಿನ ಕೆಲಸಕ್ಕಿಂತ ನೀಟಾಗಿತ್ತು.

ಕಾಕುಗೆ ಮಾತ್ರ ಗುಳಿಗಿ ಉಳಿಯಲಿಲ್ಲ. ಕಾಕಾ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಚುಚ್ಚೋ ಔಷಧದ ಬಾಟ್ಲಿ ತಂದ. "ಹೆಸರು ನೋಡು, ಇದೂ ಅದ ಐತಿ. ಒಂದ್ ಚಮಚಾ ಕುಡಿಸಿದ್ರ ಆತು." ಲೇಬಲ್ ಓದಿದೆ. ಶೇಕಡಾ 1, ಅಂದರೆ ಒಂದು ಎಂ.ಎಲ್‌ಗೆ 10 ಮಿಲಿಗ್ರಾಂ. ಚಮಚ ಅಂದ್ರೆ 5 ಎಂ.ಎಲ್. 50 ಮಿಲಿಗ್ರಾಂ ಒಂದೇ ಗುಟುಕಿಗೆ! ಬಾಟ್ಲಿ ಕಸಕೊಂಡೆ. ನಾನೆಷ್ಟು ಶಾಣ್ಯಾ ಅಂತ ಅವತ್ತು ಒಳಗೊಳಗೇ ಹಿಗ್ಗಿದ್ದೆ.

ಮೂರನೇ ದಿನ ನಸುಕಿನಲ್ಲಿ ಅವ್ವ ಬಚ್ಚಲಿಗೆ ಹೋದವಳು ಗ್ವಾಡಿ ಹಿಡಿದು ನಿಂತುಬಿಟ್ಟಳು. ತಲೆ ತಿರುಗು, ವಾಂತಿ. ಬೆಳಗಾವಿಯ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಅವರ ತೂಕ ಎಷ್ಟು?"

ಗೊತ್ತಿರಲಿಲ್ಲ. ನನ್ನ ಶೀಟಿನಲ್ಲಿ ಆ ಕಾಲಂ ಇರಲೇ ಇಲ್ಲ.

ಕಾಕಾನ ಕಿರಾಣಿ ಅಂಗಡಿ ತೆಗೆಸಿ, ಅಕ್ಕಿ ಚೀಲ ತೂಗೋ ಕಾಟಾದ ಮೇಲೆ ಅವ್ವನ್ನ ನಿಲ್ಲಿಸಿದೆವು. 43 ಕಿಲೋ. ಡಾಕ್ಟರು ಸಿಟ್ಟಾಗಲಿಲ್ಲ, ಲೆಕ್ಕ ಹೇಳಿದರು. ಐವರ್ಮೆಕ್ಟಿನ್ ಹುಳದ ಔಷಧ. ಕಿಲೋಗೆ 200 ಮೈಕ್ರೋಗ್ರಾಂ, ಅವ್ವನ ತೂಕಕ್ಕೆ ಹೆಚ್ಚುಕಡಿಮೆ 9 ಮಿಲಿಗ್ರಾಂ. ಅದೂ ಹೊಟ್ಟೆಹುಳಕ್ಕಾದರೆ ಸಾಮಾನ್ಯವಾಗಿ ಒಂದೇ ಸಲ. ನಾನು ಕೊಟ್ಟಿದ್ದು ಮೂರು ದಿನಕ್ಕೆ 36. "ಖಾಲಿ ಹೊಟ್ಟೆಗೆ ಕೊಟ್ರೋ, ಊಟ ಆದ್ಮೇಲೋ?" ಊಟ ಆದ್ಮೇಲೆ, ತುಪ್ಪದ ಅನ್ನ. ಎಣ್ಣೆ-ತುಪ್ಪದ ಊಟದ ಜೊತೆ ಈ ಔಷಧ ರಕ್ತಕ್ಕೆ ಇನ್ನೂ ಹೆಚ್ಚು ಸೇರ್ತದೆ ಅಂದರು. ಹುಳದ ನರಗಳನ್ನ ಸೋಲಿಸೋ ವಸ್ತು ಅದು. ನಮ್ಮ ಮಿದುಳಿಗೆ ಅದನ್ನ ತಡೆಯೋ ಕಾವಲು ಇದೆ. ಡೋಸ್ ಏರಿದಷ್ಟೂ ಆ ಕಾವಲಿಗೆ ಕಷ್ಟ. ಅವ್ವನ ಬಿ.ಪಿ. ಗುಳಿಗಿಯೋ, ಇದೋ, ತಲೆ ತಿರುಗಿದ್ದು ಯಾವುದರಿಂದ ಅಂತ ಅವರೂ ಖಚಿತವಾಗಿ ಹೇಳಲಿಲ್ಲ. ನಿಲ್ಲಿಸಿ, ನೀರು ಕೊಡಿ, ಬಿ.ಪಿ. ನೋಡ್ತಾ ಇರಿ, ಸುಸ್ತು ಹೆಚ್ಚಾದರೆ ಕರ್ಕೊಂಡು ಬನ್ನಿ ಅಂದರು. ಎರಡು ದಿನಕ್ಕೆ ಅವ್ವ ಎದ್ದು ಕೂತಳು. ಉಳಿದ ಗುಳಿಗಿ ಯಾರೂ ಮುಟ್ಟಲಿಲ್ಲ.

ಆಮೇಲೆ ಓದಿದೆ. ಇದನ್ನ ಪ್ರಯೋಗದಲ್ಲಿ ಮಾತ್ರ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಆ ಮಾರ್ಚ್‌ನಲ್ಲೇ ಹೇಳಿತ್ತು. ನಮ್ಮ ದೇಶದ ಕೋವಿಡ್ ಮಾರ್ಗಸೂಚಿಯಲ್ಲೂ ಅದು ಇತ್ತು, ಸೆಪ್ಟೆಂಬರ್‌ನಲ್ಲಿ ಕೈಬಿಟ್ಟರು. ಔಷಧದ್ದು ಇದರಲ್ಲಿ ತಪ್ಪಿಲ್ಲ. ಅದನ್ನ ಕಂಡುಹಿಡಿದ ಇಬ್ಬರಿಗೆ 2015ರಲ್ಲಿ ನೊಬೆಲ್ ಬಂದಿದೆ. ಹುಳದ ರೋಗದಿಂದ ಕಣ್ಣು ಕಳ್ಕೊಳ್ಳೋದರಿಂದ ಎಷ್ಟೋ ಜನರನ್ನ ಉಳಿಸಿದ ಔಷಧ ಅದು. ನಮ್ಮ ಮನೆಯಲ್ಲಿ ಹುಳವೂ ಇರಲಿಲ್ಲ, ಡಾಕ್ಟರ ಚೀಟಿಯೂ ಇರಲಿಲ್ಲ.

ಕತೆ ಇಲ್ಲಿಗೆ ಮುಗೀಲಿಲ್ಲ. ಶಾಲೆಗಳು ಮತ್ತೆ ಸುರುವಾದ ಮೇಲೆ ಜಂತುಹುಳು ನಿವಾರಣಾ ದಿನ ಬಂತು. ಅಕ್ಕನ ಏಳು ವರ್ಷದ ಮಗಳು ನಮ್ಮಲ್ಲೇ ಇದ್ದು ಶಾಲೆಗೆ ಹೋಗ್ತಿದ್ದಳು. ಅವ್ವ ಅಡ್ಡ ಬಿದ್ದಳು. "ಹುಳದ ಗುಳಿಗಿ ಬ್ಯಾಡ. ಕೂಸನ್ನ ಇವತ್ತ ಸಾಲಿಗೆ ಕಳಸೂದಿಲ್ಲ."

ನಾನು ವಿವರಿಸೋಕೆ ಹೋದೆ. ಇದು ಬೇರೆ ಔಷಧ, ಆಲ್ಬೆಂಡಜೋಲ್. ಕರುಳಿನಿಂದ ರಕ್ತಕ್ಕೆ ಸೇರೋದು ಬಹಳ ಕಡಿಮೆ, ಹುಳದ ಮೇಲೆ ಅಲ್ಲೇ ಕೆಲಸ ಮಾಡ್ತದೆ. ಅದಕ್ಕೇ ಶಾಲೆಯಲ್ಲಿ ತೂಕ ನೋಡಲ್ಲ, ವಯಸ್ಸು ನೋಡ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ, 200 ಮಿಲಿಗ್ರಾಂ. ಎರಡು ದಾಟಿದವರಿಗೆ ಪೂರ್ತಿ, 400.

ಅವ್ವ ಕೇಳಿಸಿಕೊಂಡು ಒಂದೇ ಮಾತು ಅಂದಳು: "ಅವತ್ತೂ ನೀನ ಹೇಳಿದ್ದಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಳ ಇದ್ದರೆ ಕೂಸಿಗೆ ರಕ್ತ ಕಡಿಮೆಯಾಗ್ತದೆ, ಬೆಳವಣಿಗೆ ಕುಂದ್ತದೆ. ನಾನು ಬೇಡದ ಔಷಧ ಕೊಟ್ಟಿದ್ದಕ್ಕೆ ಈಗ ಬೇಕಾದ ಔಷಧ ತಪ್ಪೋ ಹಾಗಿತ್ತು.

ಕೊನೆಗೆ ಅವ್ವನ್ನೇ ಶಾಲೆಗೆ ಕರ್ಕೊಂಡು ಹೋದೆ. ಟೀಚರ್ ಪಕ್ಕ ಆಶಾ ಕಾರ್ಯಕರ್ತೆ ಕೂತಿದ್ದರು. ಒಂದೊಂದೇ ಮಗುವನ್ನ ಕರೆದು, ಜ್ವರ ಐತೇನು, ಬ್ಯಾರೆ ಗುಳಿಗಿ ನಡದೈತೇನು, ಉಂಡೀಯೇನು ಅಂತ ಕೇಳೋರು. ಜ್ವರ ಇದ್ದ ಒಬ್ಬ ಹುಡುಗನಿಗೆ ಕೊಡಲಿಲ್ಲ, ಆರಾಮಾದ ಮ್ಯಾಲ ಬಾ ಅಂದರು. ಗುಳಿಗಿ ಮನೆಗೆ ಕಳಿಸೋ ಹಾಗಿಲ್ಲ, ನುಂಗೋ ಹಾಗಿಲ್ಲ. ಅವರ ಮುಂದೆಯೇ ಚೀಪಿ ಕಡಿದು ತಿನ್ನಬೇಕು. "ಹುಳ ಭಾಳ ಇದ್ರ ಹೊಟ್ಟಿ ಮುರದಂಗ, ವಾಂತಿ ಬಂದಂಗ ಆಗ್ತೈತಿ ಆಯಿ. ಸ್ವಲ್ಪ ಹೊತ್ತಿಗೆ ಕಡಿಮಿ ಆಗ್ತೈತಿ. ಆಗಲಿಲ್ಲ ಅಂದ್ರ ನನಗ ಹೇಳ್ರಿ, ದವಾಖಾನಿಗೆ ಹೋಗೂಣು."

"ತೂಕ ನೋಡೂದಿಲ್ಲೇನ್ರಿ?" ಅವ್ವ ಕೇಳಿದಳು.

"ಇದಕ್ಕ ವಯಸ್ಸು ನೋಡ್ತಾರ್ರಿ ಆಯಿ."

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಮೊಮ್ಮಗಳ ಕಡೆ ತಿರುಗಿ "ತಿನ್ನವಾ" ಅಂದಳು.

ಈಗ ಮನೆಗೆ ಯಾವ ಹೊಸ ಗುಳಿಗಿ ಬಂದರೂ ಅವ್ವ ಕೇಳೋದು ಎರಡೇ: "ಯಾರ ಬರದಾರ? ನನ್ನ ತೂಕ ಕೇಳ್ಯಾರೇನು?" ಮೆಡಿಕಲ್ ಅಂಗಡಿಯವರು ನಗ್ತಾರೆ. ನಾನು ನಗಲ್ಲ.