ಒಂದೇ ಓಟಿನಲ್ಲಿ ಉಳಿದ ಹೆಬ್ಬಾಗಿಲು

ಹ್ಯಾಂಬರ್ಗಿನಿಂದ ಲೂಬೆಕ್‌ಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ನಿಲ್ದಾಣದಿಂದ ಹಳೆಯ ಊರಿನ ಕಡೆ ಸ್ವಲ್ಪ ನಡೆದರೆ ಹೋಲ್ಸ್ಟನ್‌ಟೋರ್ ಎದುರಾಗುತ್ತದೆ. ಇಟ್ಟಿಗೆಯ ಎರಡು ದಪ್ಪ ಗೋಪುರ, ತಲೆಯ ಮೇಲೆ ಮೊನಚು ಟೊಪ್ಪಿ, ನಡುವೆ ಕಮಾನಿನ ಬಾಗಿಲು. ಜರ್ಮನಿಗೆ ಬಂದು ಬಹಳ ವರ್ಷಗಳಾದವರಿಗೆ ಇದರ ಮುಖಪರಿಚಯ ಇದ್ದೇ ಇರುತ್ತದೆ. ಹಳೆಯ 50 ಮಾರ್ಕಿನ ನೋಟಿನ ಹಿಂಬದಿಯಲ್ಲಿ ಇದ್ದದ್ದು ಇದೇ. 2006ರ ಜರ್ಮನಿಯ ಎರಡು ಯೂರೋ ನಾಣ್ಯದಲ್ಲೂ ಇದೆ. ಪರ್ಸ್ ತೆಗೆದು ಹುಡುಕಿ ನೋಡಿ.

ನನ್ನಾಕೆ ನೋಡಿದ ಕೂಡಲೇ, "ಏನ್ರೀ ಇದು, ವಾಲಿದೆಯಲ್ಲ!" ಎಂದಳು. ವಾಲಿರುವುದು ನಿಜ. 1464ರಿಂದ 1478ರವರೆಗೆ ಹಿನ್ರಿಕ್ ಹೆಲ್ಮ್‌ಸ್ಟೆಡೆ ಇದನ್ನು ಕಟ್ಟುತ್ತಿದ್ದಾಗಲೇ ನದಿದಡದ ಜೌಗು ನೆಲ ಕುಸಿಯತೊಡಗಿತ್ತಂತೆ. ದಕ್ಷಿಣದ ಗೋಪುರ ಹೆಚ್ಚು ಕುಸಿದಿದೆ. ನನಗಂತೂ ಬೆನ್ನುಮೂಳೆ ಸೊಟ್ಟಗಾದರೂ ಊರುಗೋಲು ಬೇಡವೆನ್ನುವ ಹಟಮಾರಿ ರೋಗಿಗಳ ನೆನಪಾಯಿತು. 1933-34ರಲ್ಲಿ ಕಟ್ಟಡವನ್ನು ಭದ್ರಪಡಿಸಿದರು. ಹೊರಗಡೆಯ ಗೋಡೆ ಮೂರೂವರೆ ಮೀಟರ್ ದಪ್ಪ. ಊರಿನ ಕಡೆಯದು ಒಂದು ಮೀಟರೂ ಇಲ್ಲ. ಶತ್ರು ಹೊರಗಿನಿಂದಲೇ ಬರುತ್ತಾನೆಂಬ ಲೆಕ್ಕಾಚಾರ!

ಆದರೆ ಇದಕ್ಕೆ ಅಪಾಯ ಬಂದದ್ದು ಒಳಗಿನಿಂದ. 1851ರಲ್ಲಿ ಊರಿಗೆ ರೈಲು ಬಂತು. ಇದರ ಮುಂದಿದ್ದ ಹೊರ ಹೆಬ್ಬಾಗಿಲನ್ನು 1853ರಲ್ಲಿ ರೈಲಿನವರಿಗಾಗಿ ಕೆಡವಿದರು. ಉಳಿದ ಈ ಮುರುಕಲು ಕಟ್ಟಡವೂ ಏಕೆ ಬೇಕು ಎಂದು ಊರಿನ ಜನರೇ ಅರ್ಜಿ ಹಾಕಿದರು. ವರ್ಷಗಟ್ಟಲೆ ಜಗ್ಗಾಟ ನಡೆದು, ಕೊನೆಗೆ 1863ರಲ್ಲಿ ನಗರಸಭೆಯಲ್ಲಿ ಮತಕ್ಕೆ ಹಾಕಿದಾಗ ಉಳಿಸಬೇಕೆಂಬ ಪಕ್ಷ ಗೆದ್ದದ್ದು ಒಂದೇ ಓಟಿನ ಅಂತರದಿಂದ. ಆ ದಿನ ಒಬ್ಬ ಸದಸ್ಯರಿಗೆ ನೆಗಡಿಯಾಗಿ ಮನೆಯಲ್ಲೇ ಮಲಗಿದ್ದರೆ? ವೈದ್ಯನಾದ್ದರಿಂದ ನನಗೆ ಇಂಥದ್ದೇ ಹೊಳೆಯುವುದು.

ನಮ್ಮ ಬೆಂಗಳೂರು ಪೇಟೆಗೂ ಕೋಟೆಬಾಗಿಲುಗಳಿದ್ದವು. ಹಲಸೂರು ಗೇಟ್ ಎಂದರೆ ಈಗ ಪೊಲೀಸ್ ಠಾಣೆ. ಗೇಟ್ ಎಲ್ಲಿ ಎಂದು ಆಟೋದವರನ್ನು ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಯಲಹಂಕ ಗೇಟಿನದೂ ಅದೇ ಕಥೆ. ಅಲ್ಲಿ ಯಾರಾದರೂ ಓಟು ಕೇಳಿದ್ದರೋ ಏನೋ.

ಕಮಾನಿನ ಮೇಲೆ ಚಿನ್ನದ ಬಣ್ಣದ ಲ್ಯಾಟಿನ್ ಅಕ್ಷರಗಳಿವೆ: ಮನೆಯೊಳಗೆ ಒಗ್ಗಟ್ಟು, ಹೊರಗೆ ಶಾಂತಿ ಎಂದು ಅರ್ಥ. 1871ರ ಜೀರ್ಣೋದ್ಧಾರದಲ್ಲಿ ಬರೆಸಿದ್ದು. ಅಷ್ಟೊಂದು ಜಗಳವಾಡಿದ ಮೇಲೆ! ಒಳಗೆ 1950ರಿಂದ ನಗರದ ವಸ್ತುಸಂಗ್ರಹಾಲಯವಿದೆ. ಹಡಗಿನ ಮಾದರಿಗಳನ್ನು ಮಕ್ಕಳು ಬಿಟ್ಟು ಕದಲುವುದಿಲ್ಲ. ಮುಗಿಸಿಕೊಂಡು ಸೇತುವೆ ದಾಟಿ ಊರೊಳಗೆ ಹೋದರೆ ಲೂಬೆಕ್‌ನ ಪ್ರಸಿದ್ಧ ಮಾರ್ಜಿಪಾನ್ ಸಿಗುತ್ತದೆ. ನಮ್ಮ ಬಾದಾಮಿ ಬರ್ಫಿಯ ದೂರದ ನೆಂಟ, ಏಲಕ್ಕಿಯೊಂದು ಕಡಿಮೆ.